ಒಂಬತ್ತನೆಯವಳು

"ಏಯ್ ಬೋಳಿ, ದೊಡ್ಡೋರ ಮೊಖ ಎಲ್ಲೇ? ಬಟ್ಟೆ ಮಡಿಕೆ ಒಳಗೆ ಸೇರಿಸ್ಕಂಡು ಬಂದಿದ್ದೀಯಾ? ಈಚೆಗೆ ಕಾಣಂಗೆ ಉಡೇ!"

ಗೇಟಿನ ಮುಂದೆ ನಿಂತ ಚಿಸೆಂಗಾ ಕೋಲಿನ ತುದಿಯಿಂದ ಬನಾ ಲೊಂಬೆಯ ಸೊಂಟದ ಬಟ್ಟೆ ಎತ್ತಿ ನೋಡಿದ. ಹಿಂದೆ ನಿಂತಿದ್ದ ಮುದುಕಿ ಬನಾ ಕಬಾಸೊ ಮೂಗು ಮುರಿದಳು.

"ಕೋಲು ಇಳಿಸೋ, ಮಾನಗೆಟ್ಟೋನೆ. ಅದು ಹೆತ್ತ ಹೊಟ್ಟೆ. ಹೆತ್ತೋಳು ಸಿಟ್ಟಲ್ಲಿ ಉಟ್ಟಿದ್ದು ಬಿಚ್ಚಿ ನಿಂತ್ರೆ, ನೋಡ್ದೋನ ವಂಸ ಉಳಿಯಾಕಿಲ್ಲ. ನಿಮ್ಮವ್ವ ಹೇಳಿಕೊಡ್ನಿಲ್ವಾ?"

ಚಿಸೆಂಗಾ ಕೋಲು ಇಳಿಸಿದ. ಬಾಯಿ ಮಾತ್ರ ಇಳಿಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗುವವರೆಗೂ ಬೈಯುತ್ತಲೇ ಇದ್ದ.

ಕಿಟ್ಟದ ದಿಬ್ಬಕ್ಕೆ ಆಳುವ ಪಕ್ಷದವರು ಕೂರಿಸಿದ ಮೇಸ್ತ್ರಿ ಅವನು. ಅಜ್ಜಂದಿರ ಕಾಲದಿಂದ ಗಣಿಯವರು ತಾಮ್ರ ಕರಗಿಸಿಕೊಂಡು, ಮಿಕ್ಕ ಕಪ್ಪು ಕಿಟ್ಟವನ್ನು ಊರ ಪಕ್ಕದಲ್ಲೇ ಸುರಿದು ಬೆಟ್ಟ ಮಾಡಿದ್ದರು. ತಾಮ್ರ ಹಡಗು ಹತ್ತಿತು, ಕಿಟ್ಟ ಊರಿಗೆ ಉಳಿಯಿತು. ಅದರೊಳಗೆ ಅಂಟಿಕೊಂಡ ಅಷ್ಟಿಷ್ಟನ್ನು ಹೆಂಗಸರು ಸುತ್ತಿಗೆಯಲ್ಲಿ ಒಡೆದು, ಹಸಿರು ಕಂಡ ಚೂರು ಆರಿಸಿ ಚೀಲ ತುಂಬುತ್ತಿದ್ದರು. ಚುನಾವಣೆ ಬಂದದ್ದೇ ಗೇಟಿಗೊಂದು ಹೊಸ ಕಾನೂನು ಬಂತು. ಪಕ್ಷ ಪುಕ್ಕಟೆ ಹಂಚಿದ ಚಿಟೆಂಗೆಯನ್ನು ಸೊಂಟಕ್ಕೆ ಸುತ್ತಿದವಳಿಗೆ ಮಾತ್ರ ಒಳಗೆ ದಾರಿ. ಆ ಬಟ್ಟೆಯ ಉದ್ದಕ್ಕೂ ಪಕ್ಷದ ಯಜಮಾನನ ನಗುಮುಖ.

ಬನಾ ಲೊಂಬೆ ಎಂದರೆ ಲೊಂಬೆಯ ತಾಯಿ. ಲೊಂಬೆ ಇಲ್ಲ. ಹೋದ ಮಳೆಗಾಲದಲ್ಲಿ ದಿಬ್ಬ ಜರಿದಾಗ ಹುಡುಗಿಯ ತೊಡೆ ಸೀಳಿತ್ತು. ಸರ್ಕಾರಿ ಆಸ್ಪತ್ರೆಗೆ ಹೊತ್ತು ತಂದರೆ ಅಲ್ಲಿ ಹತ್ತಿಯೂ ಇರಲಿಲ್ಲ. ನರ್ಸ್ ಮಲಾಮಾ ಸಂಜೆಯವರೆಗೆ ಗಾಯವನ್ನು ಬರಿಗೈಯಲ್ಲಿ ಅದುಮಿ ಹಿಡಿದು ಕೂತಳು. ಬೆರಳ ಸಂದಿಯಲ್ಲೇ ಜೀವ ಹೋಯಿತು. ಹತ್ತಿ ಇರಲಿಲ್ಲವೆಂದು ಊರಿಗೆ ಸಾರಿದ್ದಕ್ಕೆ ಮಲಾಮಾಳ ಕೆಲಸವೂ ಹೋಯಿತು. ಬನಾ ಲೊಂಬೆ ತನ್ನ ಮದುವೆಯ ಚಿಟೆಂಗೆಯಲ್ಲೇ ಮಗಳನ್ನು ಸುತ್ತಿ ಮಣ್ಣು ಮಾಡಿದಳು. ಈಗ ಅವಳಿಗೆ ಉಡಲು ಉಳಿದದ್ದು ಆ ನಗುಮುಖ ಒಂದೇ.

ಮಧ್ಯಾಹ್ನ ಗೇಟಿನಾಚೆ ಮಾವಿನ ಮರದಡಿ ಹೆಂಗಸರು ನ್ಶಿಮಾ ಮುದ್ದೆ ಮುರಿದು ಒಣಮೀನಿನ ಸಾರಿಗೆ ಅದ್ದುತ್ತಿದ್ದಾಗ ಮಲಾಮಾ ಬಂದು ಕೂತಳು. ಚುನಾವಣೆಗೆ ನಿಲ್ಲುತ್ತೇನೆ, ಪಕ್ಷೇತರಳಾಗಿ ನಿಲ್ಲುತ್ತೇನೆ ಎಂದಳು.

"ನಿಂತ್ಕಂಡು ಏನ್ ಕಿಸೀತೀಯವ್ವ?" ಬನಾ ಕಬಾಸೊ ಕೇಳಿದಳು.

"ನಮ್ ನೆಲದಾಗೆ ತಾಮ್ರ ಐತೆ, ನಮ್ ಆಸ್ಪತ್ರೇಲಿ ಹತ್ತಿ ಇಲ್ಲ. ಯಾಕಿಲ್ಲ ಅಂತ ಕೇಳಾಕೆ ನಿಲ್ತೀನಿ. ಕಂಪ್ನಿಯೋರು ಸರ್ಕಾರದ ಜೊತೆ ಏನ್ ಬರ್ಕಂಡವ್ರೆ ಅಂತ ಇಲ್ಲಿ ಯಾರಾನ ಕಂಡಿದ್ದೀರಾ? ಆ ಕಾಗ್ದಾನ ಸಂತೇಲಿ ನಿಂತು ನಮ್ ಮಾತಲ್ಲಿ ಓದಿಸ್ತೀನಿ. ಈ ದಿಬ್ಬ ಸುತ್ತಿಗೆ ಹಿಡಿದು ಒಡೆಯೋರ ಹೆಸರಿಗಾಗ್ಬೇಕು. ಲಾರಿಗೆ ರಸ್ತೆ ಆಮ್ಯಾಕೆ, ಮೊದ್ಲು ಆಸ್ಪತ್ರೆ."

"ಗೆಲ್ಲೋಗಂಟ ಎಲ್ಲಾರೂ ಹಿಂಗೇ ಅಂದವ್ರೆ. ಗೆದ್ಮೇಲೆ ರಾಜಧಾನಿಗೋಗಿ ಹೊಟ್ಟೆ ಬೆಳೆಸ್ತಾರೆ. ನಿನ್ ಹೊಟ್ಟೆ ಬೆಳೆಯಾಕಿಲ್ವಾ?"

ಹೆಂಗಸರು ನಕ್ಕರು. ಮಲಾಮಾ ನಗಲಿಲ್ಲ.

"ಬೆಳೆದ್ರೆ ಜುಟ್ಟು ಹಿಡ್ಕಂಡು ಎಳ್ಕಂಬನ್ನಿ. ಅದ್ಕೇ ಪಕ್ಷ ಬ್ಯಾಡ ಅಂದಿದ್ದು. ಪಕ್ಷ ಸೇರಿದ್ರೆ ನನ್ ಜುಟ್ಟು ಇನ್ಯಾರದೋ ಕೈಗೆ ಹೋಯ್ತದೆ."

ನಾಮಪತ್ರಕ್ಕೆ ಬೆಂಬಲವಾಗಿ ಸಹಿ ಹಾಕಲು ಒಂಬತ್ತು ಮತದಾರರು ಬೇಕು, ಮಂಗಳವಾರ ಮೂರು ಗಂಟೆಯೊಳಗೆ ಶಾಲೆಗೆ ಕಾರ್ಡು ಹಿಡಿದು ಖುದ್ದಾಗಿ ಬರಬೇಕು ಎಂದಳು. ಬನಾ ಲೊಂಬೆ ತಲೆ ಎತ್ತಲಿಲ್ಲ. ಅವಳ ಕಾರ್ಡು ಚಿಟೆಂಗೆಯ ತುದಿಯ ಗಂಟಿನಲ್ಲೇ ಇತ್ತು. ಹೋದರೆ ಗೇಟು ಮುಚ್ಚುತ್ತದೆ, ಗೇಟು ಮುಚ್ಚಿದರೆ ಉಳಿದ ಮೂರು ಮಕ್ಕಳಿಗೆ ಒಲೆ ಹತ್ತುವುದಿಲ್ಲ. ಹೆದರಿಕೆಗೆ ಅವಳು ಹೆಸರು ಕೊಡಲಿಲ್ಲ. ಆ ರಾತ್ರಿಯಿಡೀ ತನ್ನನ್ನು ತಾನೇ ಶಪಿಸಿಕೊಂಡಳು.

ಮಂಗಳವಾರ ಹೊತ್ತು ನೆತ್ತಿ ದಾಟಿ ಇಳಿಯುವಾಗ ಮಲಾಮಾಳ ತಂಗಿ ಬೇಲಿಗೆ ಓಡಿಬಂದು ಕೂಗಿದಳು. "ಎಂಟೇ ಜನ! ಒಂಬತ್ತನೆಯೋನು ಆ ಇಸ್ಕೂಲು ಮಾಸ್ತರ, ಪಕ್ಷದೋರ ಹತ್ರ ಹೊಸಾ ಸೈಕಲ್ಲು ಈಸ್ಕಂಡು ಕೈಕೊಟ್ಟ!"

ಸುತ್ತಿಗೆಗಳು ನಿಂತವು. ಬನಾ ಲೊಂಬೆ ಎದ್ದಳು.

"ಎಲ್ಲಿಗೇ?" ಚಿಸೆಂಗಾ ಅಡ್ಡ ಬಂದ. "ಹೆಜ್ಜೆ ಈಚೆಗಿಟ್ರೆ ನಿನ್ ಜಾಗ ಇನ್ನೊಬ್ಬಳಿಗೆ. ನಾಳೆಯಿಂದ ಮಣ್ಣು ತಿನ್ನು."

"ಮಣ್ಣಿಗೆ ಮಗಳನ್ನೇ ಕೊಟ್ಟಿವ್ನಿ," ಎಂದು ಅವಳು ನಡೆದಳು.

ಶಾಲೆ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಎಂಟು ಜನ ಸಾಲಾಗಿ ನಿಂತಿದ್ದರು. ಟೈ ಕಟ್ಟಿದ ಅಧಿಕಾರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಮೋಟಾರ್ ಬೈಕಿನಲ್ಲಿ ಮುಂಚೆಯೇ ಬಂದಿದ್ದ ಚಿಸೆಂಗಾ ಬಾಗಿಲಿಗೆ ಒರಗಿ ಹಲ್ಲು ಕಿರಿದ.

"ಮೈಮೇಲೆ ಆ ಪಕ್ಷದ ಬಟ್ಟೆ, ಸಹಿ ಈಕೆಗೆ. ಇದು ನಡೆಯೋಲ್ಲ," ಎಂದ ಅಧಿಕಾರಿ.

"ಯಾವ ಕಾನೂನಲ್ಲಿದೆ? ತೋರಿಸಿ," ಮಲಾಮಾ ಸಿಡಿದಳು.

"ಈ ಮೇಜಿನ ಮುಂದೆ ನಾನೇ ಕಾನೂನು. ಮನೆಗೆ ಹೋಗಿ ಬಟ್ಟೆ ಬದಲಾಯಿಸಿಕೊಂಡು ಬರಲಿ."

"ಬ್ಯಾರೆ ಬಟ್ಟೆ ಇಲ್ಲ ಸ್ವಾಮಿ," ಬನಾ ಲೊಂಬೆ ಹೇಳಿದಳು. "ಇದ್ದದ್ದು ಮಗಳ ಜೊತೆ ಹೋಯ್ತು."

"ಅದಕ್ಕೆ ನಾನೇನು ಮಾಡಲಿ? ಆ ಬಟ್ಟೆ ಸುತ್ತಿಕೊಂಡಿರೋವರೆಗೂ ನೀನು ಅವರ ಕಡೆಯವಳೇ."

"ಸುತ್ಕಂಡಿರೋಗಂಟ?"

ಅವಳು ತುದಿಯ ಗಂಟು ಬಿಚ್ಚಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಸೊಂಟದ ಸುತ್ತು ಬಿಚ್ಚಿದಳು. ನಗುಮುಖಗಳೆಲ್ಲ ಕಾಲ ಬುಡಕ್ಕೆ ಬಿದ್ದವು. ಹರಿದ ಒಳಲಂಗದಲ್ಲಿ, ಕಿಟ್ಟದ ಮಸಿ ಮೆತ್ತಿದ ಮೊಣಕಾಲು ಕಾಣುವಂತೆ ನಿಂತು, ಲಾಡಿಗೆ ಬೆರಳು ಹಾಕಿದಳು.

"ಈಗ ಯಾರ ಕಡೆಯೋಳಪ್ಪ ನಾನು? ಇನ್ನೂ ಡೌಟಿದ್ರೆ ಹೇಳು, ಇದೊಂದು ಉಳಿದೈತೆ. ನಾಲ್ಕು ಹೆತ್ತ ಹೊಟ್ಟೆ, ಕಣ್ತುಂಬ ನೋಡು."

ಅಧಿಕಾರಿಯ ಕುರ್ಚಿ ಹಿಂದಕ್ಕೆ ಮಗುಚಿತು. ಅವನು ಫೈಲನ್ನು ಮುಖಕ್ಕೆ ಅಡ್ಡ ಹಿಡಿದ. ಬಾಗಿಲಲ್ಲಿ ಚಿಸೆಂಗಾ ಇರಲಿಲ್ಲ, ಬೈಕು ಹೊರಟ ಸದ್ದು ಕೇಳಿತು.

"ಬೇಡ ತಾಯಿ, ಉಟ್ಕೋ ತಾಯಿ, ನಿನ್ನ ದಮ್ಮಯ್ಯ! ನನಗೂ ಮಕ್ಕಳಿದಾರೆ!"

"ಮೊದ್ಲು ಬರಿ. ಒಂಬತ್ತು."

ಅವನು ತಲೆ ಎತ್ತದೆ ಬರೆದ. ಮೊಹರು ಬಿತ್ತು.

ಮಲಾಮಾ ಅಳುತ್ತ ತನ್ನ ಶಾಲು ತೆಗೆದು ಹೊದಿಸಲು ಬಂದಳು. ಬನಾ ಲೊಂಬೆ ಅವಳ ಕೈ ಹಿಡಿದಳು, ಲೊಂಬೆಯ ಗಾಯ ಅದುಮಿದ ಅದೇ ಕೈ. "ಇರ್ಲಿ ಬಿಡವ್ವ. ಇನ್ನೂ ಗೇಟು ದಾಟ್ಬೇಕು."

ಚಿಟೆಂಗೆಯನ್ನು ಶಾಲೆಯ ನೆಲದಲ್ಲೇ ಬಿಟ್ಟು ಊರ ನಡುವೆ ನಡೆದಳು. ಎದುರು ಬಂದ ಗಂಡಸರು ಗೋಡೆ ಕಡೆ ತಿರುಗಿ ನಿಂತರು. ಗೇಟಿನಲ್ಲಿ ಚಿಸೆಂಗಾ ದೂರದಿಂದಲೇ ಕಂಡು ಕೋಲು ಎತ್ತಿದ. ಅವಳು ಲಾಡಿಯ ಮೇಲೆ ಕೈಯಿಟ್ಟುಕೊಂಡೇ ಬಂದಳು. ಅವನು ಕಣ್ಣು ಮುಚ್ಚಿಕೊಂಡು ಬೆನ್ನು ಮಾಡಿದ. ಗೇಟು ತೆರೆದೇ ಇತ್ತು.

ಅವಳ ಜಾಗದಲ್ಲಿ ಇನ್ನೊಬ್ಬಳು ಕೂತಿದ್ದಳು. ಸುತ್ತಿಗೆಯನ್ನು ಇಳಿಜಾರಿಗೆ ಎಸೆದಿದ್ದರು. ಬನಾ ಲೊಂಬೆ ಇಳಿದು ಹೋಗಿ ಹುಡುಕಿ ತಂದು, ಬರಿಗಾಲು ಮಡಿಚಿ, ಒಂದು ಕಲ್ಲು ಮುಂದಿಟ್ಟುಕೊಂಡು ಒಡೆಯತೊಡಗಿದಳು.

ಬನಾ ಕಬಾಸೊ ತುಂಬ ಹೊತ್ತು ಅವಳನ್ನೇ ನೋಡಿದಳು. ಆಮೇಲೆ ಗೇಟಿನ ಕಡೆ ಒಮ್ಮೆ ಉಗಿದು, ತನ್ನ ಸೊಂಟದ ಗಂಟಿಗೆ ಕೈ ಹಾಕಿದಳು.