ಡುಮ್ಮಿ ನಡೆದದ್ದನ್ನು ಕಂಡವರು

ಡುಮ್ಮಿಯ ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವನು. ಉಳಿದರ್ಧ ಜನ ರಸ್ತೆ ದಾಟುವಾಗ ಅವನಿಗೆ ಹಿಡಿಶಾಪ ಹಾಕುತ್ತಿದ್ದರು. ಹೆಂಡತಿಗೂ ಕಲಿಸಲು ಹೊರಟು, ಕಿರುಚಾಡಿ, ಎರಡನೇ ದಿನವೇ ನಡುಬೀದಿಯಲ್ಲಿ ಇಳಿಸಿಬಿಟ್ಟಿದ್ದ. ಹಾಗಾಗಿ ಮಗಳಿಗೆ ನಡಿಗೆ ಕಲಿಸುವ ಹೊಣೆ ತನ್ನದೆಂದು ಅವನು ಘೋಷಿಸಿದಾಗ ಹೆಂಡತಿ ಒಲೆಯತ್ತ ತಿರುಗಿದಳು.

ಇದಕ್ಕೆಲ್ಲ ಕಾರಣ ಅವನ ತಂಗಿ. ಫೋನ್ ಮಾಡಿದಾಗಲೆಲ್ಲ ಅವಳದು ಒಂದೇ ರಾಗ. "ಅಣ್ಣಾ, ಇನ್ನೂ ನಡೀತಿಲ್ವಾ? ನಮ್ಮವನು ಒಂಬತ್ತು ತಿಂಗಳಿಗೇ ಮನೆಯೆಲ್ಲಾ ಓಡಾಡ್ತಿದ್ದ. ಹೋಗ್ಲಿ, ಎಲ್ಲಾ ಮಕ್ಕಳೂ ಒಂದೇ ಥರ ಇರಲ್ಲ ಬಿಡು."

ಆ 'ಬಿಡು' ಅವನನ್ನು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಪಾಠ ಶುರುವಾಯಿತು. ಡುಮ್ಮಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತು, "ಮುಂದೆ ನೋಡು! ಕೆಳಗೆ ನೋಡ್ಬೇಡ! ಬ್ಯಾಲೆನ್ಸ್!" ಎಂದು ಅರಚುತ್ತಿದ್ದ. ಡುಮ್ಮಿ ಆರಾಮಾಗಿ ಜಾರಿ ಕೂತು, ಅಂಬೆಗಾಲಿಟ್ಟು ಅಪ್ಪನ ಚಪ್ಪಲಿಯ ಬಳಿ ಹೋಗಿ ಅದರ ಪಟ್ಟಿಯನ್ನು ಚೀಪುತ್ತಿದ್ದಳು.

"ಯಾವಾಗ್ಲೂ ಸೊಂಟದ ಮೇಲೆ ಹೊತ್ಕೊಂಡು ತಿರುಗಿದ್ರೆ ಮಗೂಗೆ ಕಾಲು ಹೇಗೆ ಬರುತ್ತೆ?" ಎಂದು ಅತ್ತೆ ಮಂಚದ ಮೇಲಿನಿಂದ ಸೊಸೆಗೆ ತೀರ್ಪು ಕೊಟ್ಟರು. ಅತ್ತೆಗೆ ಸೊಂಟನೋವು, ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ. ಮಗು ಇನ್ಯಾರ ಸೊಂಟದ ಮೇಲೆ ಕೂರಬೇಕಿತ್ತು?

ವಾರ ಕಳೆಯುವುದರೊಳಗೆ ಮೇಷ್ಟ್ರು ಮಗಳ ನಡಿಗೆ ನೋಡಲು ತಂಗಿಗೆ ಆಹ್ವಾನ ಕೊಟ್ಟೇಬಿಟ್ಟ.

"ಇನ್ನೂ ಒಂದು ಹೆಜ್ಜೆ ಕೂಡ ಇಟ್ಟಿಲ್ವಲ್ರೀ?" ಎಂದಳು ಹೆಂಡತಿ.

"ಎದುರಿಗೆ ಜನ ಇದ್ರೆ ಇಡ್ತಾಳೆ. ನನ್ನ ಸ್ಟೂಡೆಂಟ್ಸೆಲ್ಲಾ ಟೆಸ್ಟ್ ದಿನವೇ ಚೆನ್ನಾಗಿ ಓಡ್ಸೋದು."

ಅವರಲ್ಲಿ ಮುಕ್ಕಾಲು ಮಂದಿ ಫೇಲಾಗುತ್ತಿದ್ದರು.

ಭಾನುವಾರ ತಂಗಿ ಬಂದು ಹಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು. ಟೀಪಾಯಿ ಮೂಲೆ ಸೇರಿತು. ಡುಮ್ಮಿಯ ಕಾಲಿಗೆ ಕೀಚ್ ಕೀಚ್ ಎನ್ನುವ ಹೊಸ ಬೂಟು ಏರಿತು. ಮೇಷ್ಟ್ರು ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ, "ಹ್ಞೂಂ, ಬಾ!" ಎಂದ. ಡುಮ್ಮಿ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ದೊಪ್ಪನೆ ಕೂತು, ಒಂದು ಬೂಟನ್ನು ಕಿತ್ತುಹಾಕಿದಳು.

"ಪಾಪ," ಎಂದಳು ತಂಗಿ. "ಡಾಕ್ಟರಿಗೊಂದ್ಸಲ ತೋರಿಸ್ಬಾರ್ದಾ ಅಣ್ಣಾ?"

"ನಿನ್ನ ಮಗನ್ನ ತೋರ್ಸು! ಮೂರು ವರ್ಷ ಆದ್ರೂ ಬಾಯೇ ಬಿಟ್ಟಿರ್ಲಿಲ್ಲ!"

"ಅವನು ಯೋಚನೆ ಮಾಡಿ ಮಾತಾಡೋನು, ನಿನ್ನ ಹಾಗಲ್ಲ!"

ಜಗಳ ಬಿಡಿಸಲು ಬಂದ ಅತ್ತೆ, "ಸುಮ್ನಿರೋ, ಎರಡು ವರ್ಷದವರೆಗೂ ತೆವಳ್ಕೊಂಡೇ ಇದ್ದೋನು ನೀನು!" ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು. ಮೇಷ್ಟ್ರ ಕೈಯಲ್ಲಿದ್ದ ಮೊಬೈಲು ತಂಗಿಯ ಮೂಗನ್ನೇ ಚಿತ್ರೀಕರಿಸುತ್ತಿತ್ತು.

ಹೆಂಡತಿ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಳು. ಹೊಸ್ತಿಲಲ್ಲಿ ಕೀಚ್ ಎಂದಿತು. ತಿರುಗಿದರೆ ಡುಮ್ಮಿ! ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು. ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ, ಕುಡಿದವರ ಹಾಗೆ ಓಲಾಡುತ್ತ, ಏನನ್ನೂ ಹಿಡಿಯದೆ ಬಂದವಳು ಅಮ್ಮನ ಮೊಣಕಾಲಿಗೆ ಡಿಕ್ಕಿ ಹೊಡೆದಳು. ಟೀ ಲೋಟದಿಂದ ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಅಮ್ಮ ಎಲ್ಲರನ್ನೂ ಕೂಗಲು ಬಾಯಿ ತೆರೆದಳು. ಹಾಲಿನಲ್ಲಿ ಯಾರ ಮಗು ಯಾವಾಗ ಏನು ಮಾಡಿತೆಂಬ ಕಚ್ಚಾಟ ಇನ್ನೂ ತಾರಕದಲ್ಲಿತ್ತು. ತೆರೆದ ಬಾಯಿ ಮುಚ್ಚಿ, ನೆಲಕ್ಕೆ ಕೂತು, ಮಗಳನ್ನು ಸ್ವಲ್ಪ ದೂರ ನಿಲ್ಲಿಸಿ ಕೈ ಚಾಚಿದಳು. ಡುಮ್ಮಿ ಕೇಕೆ ಹಾಕುತ್ತ ಮತ್ತೆ ಬಂದಳು.

ಕೊನೆಗೆ ಮಗು ಕಾಣುತ್ತಿಲ್ಲವೆಂಬುದು ಯಾರಿಗೋ ಹೊಳೆದು, ಮೂವರೂ ಓಡಿಬಂದರು. ಡುಮ್ಮಿ ಅಡುಗೆಮನೆಯ ನಡುವೆ ಸ್ವತಂತ್ರವಾಗಿ ನಿಂತಿದ್ದಳು.

"ನಡೆದಳು!" ಎಂದ ಮೇಷ್ಟ್ರು. "ಹೊರಟಾಗ್ಲೇ ನಾನು ನೋಡ್ದೆ."

"ಮೊದ್ಲು ನೋಡಿದ್ದು ನಾನು," ಎಂದರು ಅತ್ತೆ. "ಬಲಗಾಲಿಟ್ಟೇ ಹೊರಟ್ಳು ನನ್ನ ಬಂಗಾರ."

"ಎಡಗಾಲಮ್ಮಾ. ನಾನು ರೆಪ್ಪೆ ಕೂಡ ಬಡೀಲಿಲ್ಲ," ಎಂದಳು ತಂಗಿ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದ. "ನೀನು ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ? ಟೀ ಸೋಸ್ತಿದ್ದೆ."

"ಅಯ್ಯೋ, ತಪ್ಪಿಸ್ಕೊಂಡ್ಯಲ್ಲ!" ಎಂದು ಮೂವರೂ ಒಕ್ಕೊರಲಿನಿಂದ ಮರುಗಿದರು.

"ಆದ್ರೆ ಕಲಿಸಿದೋರು ನೀವೇ ಅಲ್ವಾ?" ಎಂದಳು ಅವಳು.

"ಮತ್ತಿನ್ಯಾರು?"

"ಹಾಗಿದ್ರೆ ನಾಳೆಯಿಂದ ಬೆಳಿಗ್ಗೆ ಹೊತ್ತು ಅವಳ ಹಿಂದೆ ನೀವೇ ಇರಿ. ಹೊಸದಾಗಿ ಕಲಿತೋರನ್ನ ಒಂಟಿಯಾಗಿ ಬಿಡಬಾರ್ದು ನೋಡಿ."

ತಂಗಿ ಎದುರಿಗೇ ಇದ್ದಳು. ಮೇಷ್ಟ್ರು ಹ್ಞೂಂ ಎಂದು ತಲೆಯಾಡಿಸಿದ.

ಸೋಮವಾರ ಬೆಳಿಗ್ಗೆ ಹೆಂಡತಿ ಟೀ ಲೋಟ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಒಳಗೆ ಪಾತ್ರೆಗಳು ಉರುಳಿದವು, "ಏಯ್, ಅಲ್ಲಿ ಬೇಡ! ನಿಲ್ಲು! ನಿಲ್ಲೇ!" ಎಂಬ ಕೂಗು ಬಚ್ಚಲಿನತ್ತ ಸಾಗಿತು. ಗೇಟಿನ ಹೊರಗೆ ಪಾಠಕ್ಕೆ ಬಂದಿದ್ದ ಹೆಂಗಸೊಬ್ಬಳು ಕಾರಿನ ಪಕ್ಕ ನಿಂತು ಗಡಿಯಾರ ನೋಡಿಕೊಂಡಳು.

"ಸಾರ್ ಇದಾರಾ?"

"ಇದಾರೆ," ಎಂದು ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. "ಬನ್ನಿ ಕೂತ್ಕೊಳ್ಳಿ. ಸ್ವಲ್ಪ ಹೊತ್ತಾಗುತ್ತೆ."