ಹತ್ತಿದವನ ದನಿ

ಸರ್ಕಾರಿ ವಿದ್ಯುತ್ ನಿಗಮ ಮುಚ್ಚುವ ದಿನವೇ ಭೈರುಂಬೆಯ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಕಾವ್ಯಶ್ರೀಯ ಕೊನೆಯ ಪಾಳಿ. ನಾಳೆಯಿಂದ ಅಲ್ಲಿ ಯಾರೂ ಇರುವುದಿಲ್ಲ. ಲೈನಿನ ಕರೆಂಟ್ ತೆಗೆಯುವುದು, ಕೊಡುವುದು ಎಲ್ಲ ಹೊಸ ಕಂಪನಿಯ ಹುಬ್ಬಳ್ಳಿ ಕೇಂದ್ರದಿಂದಲೇ. ವೆಚ್ಚ ಕಡಿಮೆ, ಕೆಲಸ ಚುರುಕು ಎಂದು ಸಭೆಯಲ್ಲಿ ಹೇಳಿದ್ದರು. ಯಾರೂ ಏನೂ ಕೇಳಿರಲಿಲ್ಲ. ಅವಳೂ.

ಬೆಳಿಗ್ಗೆ ಲೈನ್‌ಮನ್ ಮುಜೀಬ್ ವಾನಳ್ಳಿ ಲೈನನ್ನು ಬಂದ್ ಮಾಡಿಸಿಕೊಂಡು ಗುತ್ತಿಗೆದಾರರ ಆಳುಗಳ ಜೊತೆ ಕಂಬ ಹತ್ತಲು ಹೋಗಿದ್ದ. ಬಂದ್ ಮಾಡಿಸಿದವನೇ ಕೆಳಗಿಳಿದು ತನ್ನ ಬಾಯಿಂದ ಹೇಳಬೇಕು. ಅಲ್ಲಿಯವರೆಗೆ ಯಾರು ಹೇಳಿದರೂ ಕರೆಂಟ್ ಕೊಡುವಂತಿಲ್ಲ. ಇಲ್ಲಿಯ ರೂಢಿ ಅದು.

ಮಧ್ಯಾಹ್ನ ಕೇಂದ್ರದಿಂದ ಫೋನ್ ಬಂತು.

"ವಾನಳ್ಳಿ ಲೈನ್ ಚಾರ್ಜ್ ಮಾಡ್ರಿ ಮೇಡಂ. ಕೆಲ್ಸ ಮುಗದೈತಂತ ಗುತ್ತಿಗೆದಾರ್ರು ಹೇಳ್ಯಾರ."

"ಮುಜೀಬ್ ಹೇಳಿಲ್ಲ."

"ಅವನ ಫೋನ್ ಹತ್ತವಲ್ದು."

"ಕರೆಂಟಿಲ್ದೆ ಅಲ್ಲಿ ಟವರ್ರೂ ಬಂದಾಗಿರತ್ತೆ. ಎಲ್ಲಿಂದ ಹತ್ತಬೇಕು?"

"ಹೋಗೋ ದಿನಾ ಯಾಕ್ರಿ ಹಟ? ಜೋಡಣಿ ಆಗ್ಲೇ ಆಗೈತಿ, ನೀವ್ ಕೊಡದಿದ್ರ ನಾವ ಇಲ್ಲಿಂದ ಕೊಡ್ತೀವಿ."

ಅವಳು ಫೋನಿಟ್ಟು ಪ್ಯಾನೆಲ್ ಬಳಿ ಹೋಗಿ, ಹುಬ್ಬಳ್ಳಿಯ ಆಜ್ಞೆ ನಡೆಯದಂತೆ ಸ್ವಿಚ್ಚನ್ನು 'ಲೋಕಲ್'ಗೆ ತಿರುಗಿಸಿದಳು. ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದು ಕೂತಳು. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಅದು ಸುಮ್ಮನಾದ ಮೇಲೆ ಅವಳಿಗೆ ಹೆಚ್ಚು ಭಯವಾಯಿತು. ಮುಜೀಬ್ ಆಗಲೇ ಇಳಿದು ಎಲ್ಲೋ ಚಾ ಕುಡಿಯುತ್ತ ಕೂತಿದ್ದರೆ?

ಸಂಜೆ ಹತ್ತಿರವಾದಾಗ ಮುಜೀಬನ ಬೈಕು ಬಂದು ನಿಂತಿತು.

"ಲೈನ್ ಕೊಡಿ ಕಾವ್ಯಕ್ಕ. ನಾನೇ ಇಳ್ದು ಬಂದೆ."

"ಗುತ್ತಿಗೆದಾರ್ರು ಆಗ್ಲೇ ಮುಗೀತು ಅಂದ್ರಂತೆ."

"ಅವ್ರ ಕಡೆಯದು ಮುಗೀತು, ಹೋದ್ರು. ನಾನು ಇನ್ನೊಂದು ಕಂಬದ ಮೇಲಿದ್ದೆ. ಏನು, ದೆವ್ವ ನೋಡ್ದಂಗೆ ನೋಡ್ತೀರಿ? ಇಷ್ಟೊತ್ತು ಯಾರೂ ಲೈನ್ ಕೇಳ್ಲಿಲ್ವಾ?"

"ಕೇಳಿದ್ರು."

ಅವನ ನಗು ನಿಂತಿತು. ಅವಳು ಲೈನ್ ಕೊಟ್ಟು, ಬಿಟ್ಟುಹೋಗುವಾಗ ಇರಬೇಕಾದಂತೆ ಸ್ವಿಚ್ಚನ್ನು ಮತ್ತೆ ಹುಬ್ಬಳ್ಳಿಯ ವಶಕ್ಕೆ ತಿರುಗಿಸಿದಳು. ಅವನು ಅದನ್ನೇ ನೋಡುತ್ತ ನಿಂತಿದ್ದ.

"ನಾಳೆನೂ ಹತ್ತೋದಿದೆ," ಅಂದ. "ನಿಮ್ಮ ಸ್ವಂತ ನಂಬರ್ ಕೊಟ್ಟಿರಿ. ಇಳಿದು ಟವರ್ ಸಿಕ್ಕ ಕೂಡ್ಲೇ ನಿಮಗೇ ಹೇಳ್ತೀನಿ. ಹುಬ್ಳಿಯವ್ರಿಗೆ ನನ್ನ ದನಿ ಎಲ್ಲಿ ಗುರ್ತು?"

ನಾಳೆ ಅವಳು ಹೊಸ ಕಂಪನಿಯ ಸಿದ್ದಾಪುರದ ಬಿಲ್ ಕೌಂಟರಿನಲ್ಲಿರುತ್ತಾಳೆ. ಅಲ್ಲಿಂದ ಯಾವ ಲೈನನ್ನೂ ತಡೆಯಲಾಗದು. ಅದು ಅವನಿಗೂ ತಿಳಿದಿತ್ತು.

ಅವಳು ನಂಬರ್ ಹೇಳಿದಳು. ಅವನು ಒಂದೊಂದೇ ಅಂಕಿ ಒತ್ತಿ, ತಿರುಗಿ ಓದಿದ.

"ಸರಿಯಿದ್ಯಾ?"

"ಸರಿಯಿದೆ," ಅಂದಳು.