ಹೊರಗೆ ನಿಂತ ಶಾಮೀದಸಾಬ ಮಾಸ್ತರರು

ಶಾಮೀದಸಾಬ ಮಾಸ್ತರರನ್ನು ನಾನು ಮೊದಲು ಅಪ್ಪಟ ಮೈಗಳ್ಳರೆಂದೇ ತಿಳಿದಿದ್ದೆ. ಎಪ್ಪತ್ತೆಂಟರಲ್ಲಿ, ತರಬೇತಿಯ ಪ್ರಮಾಣಪತ್ರವನ್ನೂ ಅದಕ್ಕಿಂತ ತುಸು ಭಾರವಾದ ಅಹಂಕಾರವನ್ನೂ ಹೊತ್ತು ಕುಷ್ಟಗಿ ಸೀಮೆಯ ಆ ಎರಡು ಕೋಣೆಯ ಶಾಲೆಗೆ ನಾನು ಬಂದಾಗ, ಒಂದನೆಯ ತರಗತಿಯ ಗಣಿತದ ವೇಳೆಯಲ್ಲಿ ಮಕ್ಕಳೆಲ್ಲ ಒಳಗೆ, ಮಾಸ್ತರರು ಮಾತ್ರ ಹೊರಗೆ ಗೋಡೆಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ ಬಿಸಿಲಿನಲ್ಲಿ ನಿಂತಿರುತ್ತಿದ್ದರು. ಗಂಟೆ ಬಾರಿಸುವ ಮುದುಕಪ್ಪನೂ ಕೆಲವೊಮ್ಮೆ ಜೊತೆಗಿರುತ್ತಿದ್ದ. ಒಳಗಿನಿಂದ ಮಕ್ಕಳು ಏನೋ ಕೂಗಿದೊಡನೆ ಇಬ್ಬರೂ ಗಂಭೀರವದನರಾಗಿ ಒಳಹೋಗುವರು. ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ. ಇಂಥವರಿಂದಲೇ ದೇಶ ಹಿಂದುಳಿದಿದೆಯೆಂದು ನಾನು ಮನಸ್ಸಿನಲ್ಲೇ ಒಂದು ಭಾಷಣ ಬಿಗಿದೆ.

ಅದು ಕಳೆಯುವ ಲೆಕ್ಕದ ಪಾಠವೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಮಾಸ್ತರರ ಕರಿ ಕೋಟಿನ ಜೇಬುಗಳು ಸೀಮೆಸುಣ್ಣದ ಪುಡಿಯಿಂದ ಬೂದಿಬಣ್ಣಕ್ಕೆ ತಿರುಗಿದ್ದವು. ನಡಿಗೆಯೋ, ಹಿಂದಿನಿಂದ ಯಾರೋ ಕರೆದರೆಂಬಂತೆ ಆಗಾಗ ನಿಂತು ತಿರುಗಿ ನೋಡುವ ನಡಿಗೆ. ಲೆಕ್ಕ ಅಂಕಿಯಾಗುವ ಮೊದಲು ಮಾತಾಗಬೇಕೆಂಬುದು ಅವರ ಹಟ. "ಐದರಾಗ ಒಂದು ಹೋದ್ರ ನಾಕು" ಎಂದು ಬಾಯಿಪಾಠ ಒಪ್ಪಿಸಿದ ಮಗುವನ್ನು ಅವರು ಅಲ್ಲಿಗೇ ಬಿಡುತ್ತಿರಲಿಲ್ಲ.

"ಹೋದಾವ್ರು ಯಾರು? ಎಲ್ಲಿಗೆ ಹೋದ್ರು?"

ಮಾಸ್ತರರು ಸೇರಿ ಒಳಗೆ ಐದು ಮಂದಿ ಇದ್ದೆವು, ಮಾಸ್ತರರು ಹೊರಗೆ ಹೋದರು, ನಾಲ್ಕು ಮಂದಿ ಉಳಿದೆವು ಎಂದು ಮಗುವಿನ ಬಾಯಿಂದ ಪೂರ್ತಿ ಮಾತು ಬಂದ ಮೇಲೆಯೇ ಹಲಗೆಯ ಮೇಲೆ ೫ − ೧ = ೪ ಮೂಡುವುದು. ಎರಡು ಕಳೆಯಬೇಕಾದರೆ ಮುದುಕಪ್ಪ ಬೇಕು. ಮೂರಕ್ಕೆ ದಾರಿಹೋಕರನ್ನು ಹಿಡಿಯುವರು. ತರಬೇತಿ ಪಡೆದ ನಾನೂ ಹಾಗೆ ಎಷ್ಟೋ ಸಲ ಮೂರನೆಯವನಾಗಿದ್ದೇನೆ.

ಮೊದಲು ಅವರು ಮಕ್ಕಳನ್ನೇ ಹೊರಗೆ ಕಳಿಸುತ್ತಿದ್ದರಂತೆ. ಒಂದು ವರ್ಷ, ನೀರಾವರಿಯ ಕಾರಟಗಿ ಕಡೆಗೆ ಭತ್ತದ ಸಸಿ ಹಚ್ಚುವ ಕೂಲಿಗೆ ಊರಿನ ಜನ ಮಕ್ಕಳುಮರಿ ಸಮೇತ ಲಾರಿ ಹತ್ತುವ ಕಾಲ. ತರಗತಿಯಲ್ಲೇ ಚುರುಕಾದ ಕರಿಯವ್ವ ಅಂದು ಕಳೆಯಬೇಕಾದ ಒಂದು. ಲಾರಿಯತ್ತ ಹೊರಟಿದ್ದ ಅವಳ ಅಪ್ಪ, ಮಗಳು ಬಾಗಿಲ ಹೊರಗೆ ಸುಮ್ಮನೆ ನಿಂತದ್ದನ್ನು ಕಂಡು ಕೈ ಹಿಡಿದು ಕರೆದೊಯ್ದ. ಒಳಗೆ ಮಕ್ಕಳು ಸರಿಯುತ್ತರ ಹೇಳಿದರು. ಮಾಸ್ತರರು ಬರೆದರು, ಓದಿಸಿದರು, ಶಹಭಾಸ್ ಎಂದರು. "ಬಾರವ್ವ ಒಳಗ" ಎಂದು ಕರೆದರೆ ಬಾಗಿಲಲ್ಲಿ ಯಾರೂ ಇಲ್ಲ. ಬರಿಗಾಲಲ್ಲಿ ರಸ್ತೆಯವರೆಗೆ ಓಡಿದವರಿಗೆ ಸಿಕ್ಕಿದ್ದು ಧೂಳು ಮಾತ್ರ. ಸುಗ್ಗಿ ಮುಗಿದ ಮೇಲೆ ಹುಡುಗಿ ಊರಿಗೇನೋ ಮರಳಿದಳು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಶಾಲೆಯ ಬಾಗಿಲಿಗೂ ಬಂದಳು. ಒಳಗಿನವರು ತಡವರಿಸುತ್ತಿದ್ದ ಲೆಕ್ಕಕ್ಕೆ ಹೊರಗಿನಿಂದಲೇ ಉತ್ತರ ಹೇಳಿದಳು. ಹೊಸ್ತಿಲು ಮಾತ್ರ ದಾಟಲಿಲ್ಲ, ಎಂದೆಂದಿಗೂ.

ಇದನ್ನೆಲ್ಲ ನನಗೆ ಹೇಳಿದ ಮುದುಕಪ್ಪ ಮಾಸ್ತರರಿಗೂ ಸಮಾಧಾನ ಹೇಳಿದ್ದನಂತೆ: "ಒಳಗಿದ್ರೂ ಒಯ್ತಿದ್ರು ಬಿಡ್ರಿ."

"ಒಳಗಿದ್ರ ನನ್ನ ಕೇಳಬೇಕಾಗ್ತಿತ್ತು" ಎಂದರಂತೆ ಮಾಸ್ತರರು.

ಈ ಜಾತಿಯ ಮಾಸ್ತರರ ಪಾಡೇ ಹೀಗೆ. ದಡ ಹತ್ತಿಸಿದ ನೂರಾರು ಮಕ್ಕಳ ಮುಖ ಅವರಿಗೆ ನೆನಪಿರುವುದಿಲ್ಲ; ಕೈಜಾರಿದ ಒಂದೇ ಮಗು ಜೀವಮಾನವಿಡೀ ಕೋಟಿನ ತುದಿ ಹಿಡಿದು ಜಗ್ಗುತ್ತಿರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ, ಒಂದು ಬೇಸಿಗೆಯಲ್ಲಿ ಅವರ ಪಕ್ಕ ಮೂರನೆಯವನಾಗಿ ನಿಂತು ಬೆವರೊರೆಸಿಕೊಳ್ಳುತ್ತ ನಾನು ಕೇಳಿಯೇಬಿಟ್ಟೆ: "ಬಿಸಿಲು ಭಾಳ ಐತಲ್ರಿ ಮಾಸ್ತರ್ರ, ನಿಮ್ಮ ಬದಲಿ ಒಂದು ಹುಡುಗನ್ನ ನಿಲ್ಲಿಸಿದ್ರ ಏನಾಗ್ತೈತಿ?"

ಅವರು ಕಣ್ಣು ತೆರೆಯಲಿಲ್ಲ.

"ನನ್ನ ಯಾರೂ ಲಾರಿ ಹತ್ತಸಂಗಿಲ್ಲ, ತಮ್ಮಾ."